ಎರಡು ಬೆರಳು ಬಿಗಿ

ರೇಣುಕಾ, ನಿನ್ನ ಮಗಳ ತೊಡೆಗೆ ಕೆಂಪು ಬರೆ ಬೀಳುವಷ್ಟು ಬಿಗಿಯಾಗಿ ಇಲಾಸ್ಟಿಕ್ ಹಾಕಿದ್ದು ನಾನು. ಕೈತಪ್ಪಿ ಅಲ್ಲ, ಬೇಕಂತಲೇ. ಆರು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ನಿಮ್ಮ ಮನೆ ಮುಂದೆಯೇ ಓಡಾಡಿದ್ದೇನೆ. ನೀನು "ಆರಾಮ ಇದ್ದೀರೇನ್ರಿ ಶಾಂತಕ್ಕ" ಅಂದಾಗಲೆಲ್ಲ "ಹೂಂನವ್ವ" ಅಂದು ಮುಂದೆ ಹೋಗಿದ್ದೇನೆ.

ನಿನ್ನ ಮೇಲೆ ನನಗೆ ಹಗೆ ಇರಲಿಲ್ಲ. ಹಗೆ ನಿನ್ನ ಅತ್ತೆ ಗಂಗವ್ವನ ಮೇಲೆ — ಇವತ್ತಿಗೂ ಇದೆ, ಇಲ್ಲ ಅಂದರೆ ಇನ್ನೊಂದು ಸುಳ್ಳಾದೀತು. ನಿನಗಿಂತ ಮೊದಲು ನಿನ್ನ ಗಂಡನಿಗೆ ನಿಶ್ಚಯವಾಗಿದ್ದವಳು ನನ್ನ ಮಗಳು ನೀಲಾ. ಇಷ್ಟು ನಿನಗೆ ಗೊತ್ತಿರಬೇಕು. ಅದು ಹೇಗೆ ಮುರಿಯಿತು ಎಂಬುದನ್ನು ಆ ಮನೆಯಲ್ಲಿ ಯಾರೂ ನಿನಗೆ ಹೇಳಿರಲಾರರು. ನೀಲಾಳ ಎಡಗಾಲು ಹುಟ್ಟಿನಿಂದಲೇ ತುಸು ಗಿಡ್ಡ. ಗಂಗವ್ವ ಅದನ್ನು ಕಣ್ಣಾರೆ ನೋಡಿ, ಒಪ್ಪಿ, ಹೂವು ಮುಡಿಸಿ ಹೋಗಿದ್ದಳು. ಮೂರು ವಾರ ಕಳೆದ ಮೇಲೆ ಓಣಿಯ ನಳದ ಹತ್ತಿರ, ಕೊಡ ಹಿಡಿದು ನಿಂತ ಹೆಂಗಸರೆಲ್ಲರ ಎದುರು ಅಂದಳು: "ಕಾಲಾಗ ಐಬು ಇದ್ದಾಕಿ ನಮ್ಮ ಹೊಸ್ತಿಲ ತುಳಿಯೂದು ಬ್ಯಾಡ." ನೀಲಾ ನನ್ನ ಹಿಂದೆಯೇ ಇದ್ದಳು. ತುಂಬಿದ ಕೊಡ ಎತ್ತಿಕೊಂಡು, ಕುಂಟುವುದು ಕಾಣಬಾರದೆಂದು ಮೆಲ್ಲಗೆ, ಬಹಳ ಮೆಲ್ಲಗೆ ಮನೆಗೆ ನಡೆದಳು. ಆ ನಡಿಗೆಯನ್ನು ನಾನು ಮರೆತಿಲ್ಲ.

ಎರಡು ವರ್ಷ ಕಳೆದಿರಬೇಕು. ನಾನಾಗ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಕೂಸುಗಳಿಗೆ ಕಾಲುಗವಸು ಹೊಲಿಯುತ್ತಿದ್ದೆ. ಪಾದ ಮುಚ್ಚುವುದಿಲ್ಲ, ಹಿಮ್ಮಡಿಯ ಮೇಲಿಂದ ತೊಡೆಯವರೆಗೆ ಬರುತ್ತದೆ. ಮೊಣಕಾಲಿಗೆ ಇನ್ನೊಂದು ಪದರ ಬಟ್ಟೆ, ಮೇಲೆ ಕೆಳಗೆ ಮಡಿಕೆ ಹೊಲಿದು ಒಳಗೆ ಇಲಾಸ್ಟಿಕ್. ರಾಯಚೂರಿನ ಎರಡು ಅಂಗಡಿಗಳಿಗೂ ಕಳಿಸುತ್ತಿದ್ದೆ. ನಮ್ಮ ಮಾನ್ವಿಯಲ್ಲಿ ಚಳಿ ಇರುವುದೇ ಎರಡು ತಿಂಗಳು. ಆದರೆ ಪರ್ಸಿ ಕಲ್ಲಿನ ನೆಲ ವರ್ಷವಿಡೀ ಇರುತ್ತದಲ್ಲ, ಅಂಬೆಗಾಲಿಡುವ ಕೂಸಿನ ಮೊಣಕಾಲು ತರಚದೆ ಬಿಡುವುದಿಲ್ಲ.

ಒಂದು ದಿನ ಗಂಗವ್ವ ಬಂದಳು. ಏನೂ ಆಗಿಯೇ ಇಲ್ಲ ಎಂಬಂತೆ ಬಂದು ಕುಳಿತಳು! "ಶಾಂತವ್ವ, ಮೊಮ್ಮಗಳು ಅಂಬೆಗಾಲಿಡಾಕತ್ತಾಳ. ನಿನ್ನ ಹೊಲಿಗಿ ಚಲೋ ಅದ ಅಂತ ಬಂದೀನಿ. ಹಳೀದೆಲ್ಲ ಬಿಟ್ಟುಬಿಡು" ಅಂದಳು. ಕೂಸಿನ ಮೈಗೆ ಟೇಪು ಹಚ್ಚಿದರೆ ಬೆಳವಣಿಗೆ ನಿಲ್ಲುತ್ತದೆ ಎಂದು ನಮ್ಮ ಹಳಬರು ನಂಬುತ್ತಾರೆ. ಅದಕ್ಕೇ ನೀನು ತೊಡೆಯ ಸುತ್ತಳತೆಗೆ ಗಂಟು ಹಾಕಿ ಕೊಟ್ಟಿದ್ದ ಬಿಳಿ ನೂಲನ್ನು ಸೆರಗಿನಿಂದ ಬಿಚ್ಚಿ ನನ್ನ ಕೈಗಿಟ್ಟಳು. ಎದ್ದು ಹೋಗುವಾಗ ಒಳಗೆ ಗುಂಡಿ ಹಚ್ಚುತ್ತ ಕುಳಿತಿದ್ದ ನೀಲಾಳನ್ನು ನೋಡಿ, ನಕ್ಕು, "ಏನವ್ವಾ ನೀಲಾ, ಇನ್ನೂ ಇಲ್ಲೇ ಇದ್ದೀಯಲ್ಲ?" ಅಂದಳು.

ನನ್ನ ಮೈಯೆಲ್ಲ ಉರಿದುಹೋಯಿತು. ಇವಳ ಮನೆಯ ಕಾಲಿಗೂ ಒಮ್ಮೆ ಗೊತ್ತಾಗಲಿ ಅಂದುಕೊಂಡೆ — ಹೌದು, ಇದೇ ಮಾತು ಅಂದುಕೊಂಡೆ. ಗವಸು ತೊಡಿಸಿದ ಮೇಲೆ ನಮ್ಮ ಬೆರಳು ಸಲೀಸಾಗಿ ಒಳಗೆ ಹೋಗಬೇಕು, ಅಷ್ಟು ಸಡಿಲ ಬಿಡುವುದು ನಮ್ಮ ಕೆಲಸದ ರೀತಿ. ನಾನು ಸಡಿಲ ಬಿಡುವುದಿರಲಿ, ನಿನ್ನ ಗಂಟಿಗಿಂತ ಎರಡು ಬೆರಳು ಕಡಿಮೆ ಇಲಾಸ್ಟಿಕ್ ಕತ್ತರಿಸಿದೆ. ಬಿಚ್ಚಲು ಬಾರದಂತೆ ಮೂರು ಸುತ್ತು ಹೊಲಿದೆ. ನೂಲನ್ನು ಒಲೆಗೆ ಹಿಡಿದು ಸುಟ್ಟೆ. ಆಗ ನನ್ನ ಕಣ್ಣ ಮುಂದೆ ಇದ್ದದ್ದು ಗಂಗವ್ವನ ನಗು ಮಾತ್ರ. ಅದನ್ನು ತೊಡುವ ಕೂಸು ಒಮ್ಮೆಯೂ ಕಣ್ಣ ಮುಂದೆ ಬರಲಿಲ್ಲ ಅಂದರೆ ನಂಬುತ್ತೀಯಾ? ನಂಬಬೇಡ. ಬಂದಿತ್ತು.

ಎರಡು ವಾರಕ್ಕೆ ನೀನು ಕೂಸನ್ನು ಎತ್ತಿಕೊಂಡು ಓಡಿ ಬಂದೆ. "ಶಾಂತಕ್ಕ, ನೋಡ್ರಿ, ಗ್ವಾಡಿ ಹಿಡಿದು ನಿಂದರತಿತ್ತು, ಈಗ ನಿಲ್ಲಂದ್ರ ಅಳಾಕತ್ತದ. ಬಿಗಿ ಆಗ್ಯಾವೇನ್ರಿ? ತಗೀತೀನಂದ್ರ ಮೊಣಕಾಲು ತರಚತಾವಂತ ನಮ್ಮತ್ತಿ ಬೈತಾಳ." ತೊಡೆಯ ಸುತ್ತ ಬರೆ ಎದ್ದಿತ್ತು. ಕತ್ತರಿ ನನ್ನ ಕೈಯಲ್ಲೇ ಇತ್ತು ರೇಣುಕಾ. ಐದು ನಿಮಿಷದ ಕೆಲಸ. ಅಷ್ಟರಲ್ಲಿ ನಿನ್ನ ಬೆನ್ನಿಗೆ ಗಂಗವ್ವ ಬಂದು ಬಾಗಿಲಲ್ಲಿ ನಿಂತಳು. ಅವಳ ಮುಖದಲ್ಲಿ ಅಂಜಿಕೆ ಇತ್ತು, ಮೊದಲ ಸಲ. ಅದನ್ನು ಕಂಡೊಡನೆ ನನ್ನ ನಾಲಿಗೆ ತಾನಾಗಿ — ಇಲ್ಲ, ತಾನಾಗಿ ಅಲ್ಲ, ನಾನೇ ಅಂದೆ:

"ನೀ ಕೊಟ್ಟ ನೂಲಿನ ಅಳತೀನ ಇದು. ಹೊಲಿಗಿ ಸರಿ ಅದ. ಕೂಸಿನ ಕಾಲಾಗೇ ಏನರ ಐಬು ಇರಬೇಕು, ಡಾಕ್ಟರಿಗೆ ತೋರಿಸ್ರಿ."

ರಾಯಚೂರಿನ ಡಾಕ್ಟರು ಅದನ್ನು ಕತ್ತರಿಸಿ ತೆಗೆದು, ಕಾಲಿಗೆ ಏನೂ ಆಗಿಲ್ಲ ಅಂದರಂತೆ. ಯಾರು ಕೇಳಬೇಕು? ಗಂಗವ್ವನ ಕಿವಿಯಲ್ಲಿ ನನ್ನ ಮಾತು ಕುಳಿತುಬಿಟ್ಟಿತ್ತು. ನಿನ್ನ ತವರಿನ ರಕ್ತದಲ್ಲೇ ಐಬು ಇದೆ, ಮುಚ್ಚಿಟ್ಟು ಕೊಟ್ಟಿದ್ದಾರೆ ಅಂದಳು. "ಕೂಸು ನೆಟ್ಟಗ ನಡೀಲಿ, ಆಮ್ಯಾಲೆ ಕರಸ್ಕೋತೀವಿ" ಎಂದು ಕೂಸಿನ ಸಮೇತ ನಿನ್ನನ್ನು ತವರೂರು ಜಾಲಹಳ್ಳಿಯ ಬಸ್ಸು ಹತ್ತಿಸಿದಳು. ಕೂಸು ಒಂದೇ ತಿಂಗಳಿಗೆ ನಡೆಯಿತಂತೆ. ನಿನ್ನನ್ನು ಕರೆಸಿಕೊಳ್ಳಲು ಒಂದೂವರೆ ವರ್ಷ ಹಿಡಿಯಿತು. ನಿಮ್ಮಪ್ಪ ಎಷ್ಟು ಸಲ ಬಂದು ಆ ಮನೆಯ ಕಟ್ಟೆಯ ಮೇಲೆ ಕೈಚೀಲ ಹಿಡಿದು ಕುಳಿತು, ನೀರೂ ಕುಡಿಯದೆ ವಾಪಸು ಹೋದರೋ! ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಓಣಿಯವರು ಗಂಗವ್ವನ ಮನೆಯ ಬಗ್ಗೆ ಆಡಿಕೊಳ್ಳುವುದು ಕೇಳಿ ಖುಷಿಪಡುತ್ತಿದ್ದೆ. ಹೊಟ್ಟೆ ತಣ್ಣಗಾಗುತ್ತಿತ್ತು.

ಈ ಸೋಮವಾರ ನೀನು ಮತ್ತೆ ಬಸುರಿಯಾಗಿ ನಮ್ಮ ಮನೆಗೆ ಬಂದು, ನೀಲಾಳ ಪಕ್ಕದಲ್ಲಿ ಕುಳಿತು, ಹುಟ್ಟುವ ಕೂಸಿಗೆ ಗವಸು ಬೇಕು ಅಂದೆ. ಆಮೇಲೆ ನಗುತ್ತ ಅಂದೆ: "ಈ ಸಲ ಅಳತಿ ನೀವ ತಗೋರಿ ಶಾಂತಕ್ಕ. ಆಗ ನಾನೇ ಗಂಟು ತಪ್ಪಿಸಿದ್ದೆ. ನನ್ನ ಕೂಸಿಗೆ ನಾನೇ ತ್ರಾಸ ಕೊಟ್ಟೆ." ನೀನು ಆರು ವರ್ಷ ಹೀಗೆ ಅಂದುಕೊಂಡು ಬದುಕಿದ್ದೀಯೆಂದು ನನಗೆ ಗೊತ್ತಿರಲಿಲ್ಲ. ಅತ್ತೆ ಬೈದದ್ದು, ಗಂಡ ಬಾರದೆ ಕುಳಿತದ್ದು ಎಲ್ಲ ನನ್ನ ಲೆಕ್ಕದಲ್ಲಿತ್ತು. ಇದು ಇರಲಿಲ್ಲ. ನಿನ್ನ ಗಂಟು ಸರಿಯಾಗಿತ್ತವ್ವ, ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ನೀನು ಹೋದ ಮೇಲೆ ನೀಲಾಳಿಗೆ ಎಲ್ಲ ಹೇಳಿದೆ. ಅವಳ ಸಲುವಾಗಿಯೇ ಮಾಡಿದೆ ಅಂದೆ. ಅವಳು ಕೈಯಲ್ಲಿದ್ದ ಸೂಜಿಯನ್ನು ಕೆಳಗಿಟ್ಟಳು. ಆಮೇಲೆ, "ಯವ್ವಾ, ನಾ ನಿನಗ ಮಾಡಂತ ಕೇಳಿದ್ನೇನು?" ಅಂದಳು. ಅಷ್ಟೇ. ಆ ದಿನ ಊಟವನ್ನೂ ಮಾಡಲಿಲ್ಲ.

ನಾಳೆ ಮುಂಜಾನೆ ನಿಮ್ಮ ಮನೆಗೆ ಬರುತ್ತೇನೆ ರೇಣುಕಾ. ಈ ಕಾಗದ ಮೊದಲು ನಿನ್ನ ಕೈಗಿಟ್ಟು, ಇದರಲ್ಲಿ ಬರೆದದ್ದನ್ನೆಲ್ಲ ನಿನ್ನ ಗಂಡನ ಎದುರು, ಗಂಗವ್ವನ ಎದುರು ಬಾಯಿಬಿಟ್ಟು ಹೇಳುತ್ತೇನೆ. ಅವಳೇನು ಅನ್ನುತ್ತಾಳೆಂದು ನನಗೆ ಗೊತ್ತು — "ನೋಡಿದಿರೇನು, ಇಂಥಾಕಿ ಮಗಳನ್ನ ಬ್ಯಾಡ ಅಂದದ್ದ ಚಲೋ ಆತು" ಅನ್ನುತ್ತಾಳೆ. ಎಂಟು ವರ್ಷ ಅವಳ ಮುಖಕ್ಕೆ ಹೇಳಬೇಕೆಂದು ಕಾಯ್ದಿಟ್ಟ ಮಾತುಗಳು ನನ್ನಲ್ಲಿವೆ. ಒಂದನ್ನೂ ಆಡುವಂತಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕೇಳಬೇಕು. ಬೇಡವೆಂದರೂ ನೀಲಾ ಜೊತೆಗೆ ಬರುತ್ತೇನೆ ಅಂದಿದ್ದಾಳೆ. ಗಂಗವ್ವ ಆ ಮಾತು ಅನ್ನುವಾಗ ನನ್ನ ಮಗಳು ನನ್ನ ಪಕ್ಕದಲ್ಲೇ ನಿಂತಿರುತ್ತಾಳೆ.