ತೊಡೆಯಂಚಿನ ನಿರಿಗೆ

ಕೊಪ್ಪಳದಿಂದ ಕುಕನೂರಿಗೆ ಹೋಗುವ ರಸ್ತೆ ಪಕ್ಕದ ತಗಡಿನ ಶೆಡ್ಡಿನಲ್ಲಿ, ಹಾಸಿಗೆ ಹಿಡಿದವರಿಗೆ ಡೈಪರ್ ತಯಾರಿಸುವ ಸಣ್ಣ ಕಾರ್ಖಾನೆಯೊಂದಿತ್ತು. ಅಲ್ಲಿ ಮಷಿನ್ ನಡೆಸುವವನು ನಾನು. ಹತ್ತಿಯಂಥ ತಿರುಳು ಹರವಿ, ನೀರು ಹೀರುವ ಪುಡಿ ಉದುರಿಸಿ, ಮೇಲೆ ಕೆಳಗೆ ಹಾಳೆ ಅಂಟಿಸಿ, ತೊಡೆಯ ಹತ್ತಿರ ಎಲಾಸ್ಟಿಕ್ಕಿನ ನಿರಿಗೆ ಕೂಡಿಸುವವರೆಗೆ ಎಲ್ಲ ನನ್ನ ಕೈಯಲ್ಲೇ. ನನ್ನ ಹೆಂಡತಿ ಆಮೇಲೆ ಬಂದು ಪ್ಯಾಕಿಂಗಿಗೆ ಸೇರಿದಳು.

ಆ ವರ್ಷ ಅಪ್ಪನಿಗೆ ಲಕ್ವ ಹೊಡೆದು ಎಡಮೈ ಬಿದ್ದುಹೋಯಿತು. ನಮ್ಮ ಡೈಪರನ್ನೇ ತಂದು ನಾನು ಹಾಕುತ್ತಿದ್ದೆ. ಸೊಸೆಯಿಂದ ಹಾಕಿಸಿಕೊಳ್ಳಲು ಅಪ್ಪನಿಗೆ ನಾಚಿಕೆ. ಅಪ್ಪನ ಕೆಳಗೆ ಹಾಸಿ ಒದ್ದೆಯಾದ ಕೌದಿಗಳನ್ನು ಅವಳು ಒಗೆಯುತ್ತಿದ್ದಳು.

ಒಂದು ದಿನ ಮಾಲಕರು ಬಂದು, ಗಂಗಾವತಿ, ಕುಷ್ಟಗಿಯ ಔಷಧಿ ಅಂಗಡಿಗಳಿಂದ ಮಾಲು ವಾಪಸ್ ಬರುತ್ತಿದೆ, ಸೋರುತ್ತದಂತೆ ಎಂದರು.

"ಪುಡಿ ಜಾಸ್ತಿ ಹಾಕೋಣ್ರಿ," ಅಂದೆ.

ಪ್ಯಾಕಿಂಗ್ ಮೇಜಿನಿಂದ ನನ್ನ ಹೆಂಡತಿ ಡೈಪರೊಂದನ್ನು ಹಿಡಿದು ಎದ್ದು ಬಂದಳು. "ಪುಡಿ ಕಡಿಮಿ ಇಲ್ರಿ. ನಮ್ಮ ಮಾವ ಎಡಕ್ಕ ಹೊಳ್ಳಿ ಮಲಗ್ತಾರ. ಕೌದಿ ತೊಡಿ ಕಡೆ ಅಷ್ಟ ತೋಯ್ತೈತಿ. ಈ ನಿರಿಗಿ ಎದ್ದು ನಿಲ್ಲವಲ್ದು ನೋಡ್ರಿ. ಗೋಂದು ಇದರ ಮ್ಯಾಲೂ ಬಿದ್ದು ಹಾಳಿಗೆ ಅಂಟಿಕೊಂಡೈತಿ."

ಮಾಲಕರು ಡೈಪರನ್ನು ಬಿಡಿಸಿ ನೋಡಿ ನನ್ನ ಕಡೆ ತಿರುಗಿದರು. "ಇಷ್ಟು ದಿನ ನಿನಗ್ಯಾಕ ಹೊಳೀಲಿಲ್ಲೋ?"

ನಾನು ಗೋಂದಿನ ಕೊಳವೆಯನ್ನು ತುಸು ಹೊರಕ್ಕೆ ಸರಿಸಿದೆ. ಮುಂದಿನ ಡೈಪರಿನಲ್ಲಿ ನಿರಿಗೆ ಒಡ್ಡಿನ ಹಾಗೆ ಎದ್ದು ನಿಂತಿತು. ವಾರದೊಳಗೆ ಅವಳಿಗೆ ಬೇರೆ ಮೇಜು, ಕುರ್ಚಿ ಬಂದವು. ನಾನು ತೆಗೆದ ಮಾಲಿನ ಮೇಲೆ ಬಣ್ಣದ ನೀರು ಸುರಿದು ಪರೀಕ್ಷಿಸುವುದು ಇನ್ನು ಮೇಲೆ ಅವಳ ಕೆಲಸ. ಅವಳು ತಲೆಯಾಡಿಸಿದ ಮೇಲೆಯೇ ಪ್ಯಾಕಿಂಗ್.

ಹೊಸ ಡೈಪರ್ ಹಾಕಿದ ಮರುದಿನ ಬೆಳಿಗ್ಗೆ ಅಪ್ಪನ ಕೆಳಗೆ ಕೈಯಿಟ್ಟು ನೋಡಿದೆ. ಒದ್ದೆಯಾಗಿರಲಿ ಎಂದು ಮನಸ್ಸು ಬಯಸುತ್ತಿತ್ತು. ಕೌದಿ ಒಣಗಿಯೇ ಇತ್ತು.

"ಎಚ್ಚರಾಗಲೇ ಇಲ್ಲ ನೋಡು," ಅಂದ ಅಪ್ಪ. "ಸೊಸಿ ಭಾಳ ಛಲೋ ಮಾಡ್ಯಾಳ."

"ಮಷಿನ್ ನಡಸಾಂವ ನಾನಪ್ಪ."

"ಅದು ಗೊತ್ತೈತಿ ಬಿಡು."

ಸಂಜೆ ರೊಟ್ಟಿ ಬಡಿಯುತ್ತ ಅವಳೇ ಕೇಳಿದಳು. "ನಿಮಗ ಸಿಟ್ಟು ಬಂದೈತಿ, ಹೌದಲ್ರಿ?"

"ಇಲ್ಲ."

"ಬಂದೈತಿ. ಬಂದ್ರೂ ನಾ ಆ ಕೆಲಸ ಬಿಡಂಗಿಲ್ರಿ. ಕೌದಿ ಒಗದು ಒಗದು ರಟ್ಟಿ ಸೋತಾವ."

ಬಿಡು ಎನ್ನಲು ನನಗೂ ಬಾಯಿ ಬರಲಿಲ್ಲ. ಆದರೆ ಕಾರ್ಖಾನೆಯಲ್ಲಿ ಅವಳ ಮೇಜಿನ ಮುಂದೆ ನಿಂತು, ಬಣ್ಣದ ನೀರು ಇಂಗುವವರೆಗೆ ಕಾಯುವಾಗ ದಿನಾ ಅವಳ ಮುಖ ನೋಡದೆ ಮಷಿನ್ ಕಡೆಗೇ ತಿರುಗಿಕೊಳ್ಳುತ್ತಿದ್ದೆ.

ಮುಂದೊಮ್ಮೆ ಯಲಬುರ್ಗಾದಿಂದ ಸೋದರತ್ತೆ ಅಪ್ಪನನ್ನು ನೋಡಲು ಬಂದಳು. ಅಪ್ಪ ತೊದಲುತ್ತಲೇ ಸೊಸೆಯ ಕಥೆ ಪೂರ್ತಿ ಹೇಳಿದ. ಕೂತು ಕೇಳಲಾರದೆ ನಾನು ಅಂಗಳಕ್ಕೆ ಎದ್ದು ಹೋದೆ. ಒಳಗೆ ಅತ್ತೆ ಏನೋ ಅಂದಳು, ನನ್ನ ಹೆಂಡತಿ ನಕ್ಕಳು. ಮದುವೆಯಾದಾಗಿನಿಂದ ಅವಳು ಅಷ್ಟು ಹಗುರಾಗಿ ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ಆ ನಗು ನನ್ನಿಂದ ಬಂದದ್ದಲ್ಲವಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.