ಶಾಲು ಹೊದ್ದ ಅಂಬಾಸಡರ್

ಒಂದು ಸಮಾಜದ ಯೋಗ್ಯತೆಯನ್ನು ಅಳೆಯಬೇಕಾದರೆ ಅದು ತನ್ನಲ್ಲಿ ಹಳೆಯದಾದದ್ದನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂಬುದನ್ನು ನೋಡಬೇಕು. ಈ ಗಂಭೀರ ಸತ್ಯ ನನಗೆ ಹೊಳೆದದ್ದು ಬೆಳಗಾವಿಯ ರೈಲ್ವೆ ಮೇಲ್ಸೇತುವೆಯ ಮೇಲೆ, ಮುಂದಿದ್ದ ಪದ್ಮಿನಿ ಕಾರೊಂದು ನನ್ನ ಸ್ಕೂಟರಿನ ಮೇಲೆ, ಕನ್ನಡಕದ ಮೇಲೆ ಮತ್ತು ಆಗಷ್ಟೇ ಇಸ್ತ್ರಿಯಾಗಿ ಬಂದಿದ್ದ ಬಿಳಿ ಅಂಗಿಯ ಮೇಲೆ ಹೊಗೆ ಉಗುಳಿ ಹೋದಾಗ. ಕೆಮ್ಮು ನಿಲ್ಲುವ ಹೊತ್ತಿಗೆ ಸತ್ಯ ಅರ್ಧ ಮರೆತುಹೋಗಿತ್ತು. ಕಾರು ಮಾತ್ರ ನೆನಪಿನಲ್ಲಿ ಉಳಿಯಿತು.

ನೌಕರಿಯಿಂದ ನಿವೃತ್ತನಾದವನಿಗೆ ಒಂದು ಹವ್ಯಾಸ ಬೇಕೆಂದು ವೈದ್ಯರು ಹೇಳುತ್ತಾರೆ. ಹೆಂಡತಿಯೂ ಹೇಳುತ್ತಾಳೆ, ಆಕೆಯ ಕಾರಣ ಬೇರೆ. ರಸ್ತೆಯ ಮೇಲೆ ಇನ್ನೂ ದುಡಿಯುತ್ತಿರುವ ಹಳೆಯ ಕಾರುಗಳನ್ನು ಗುರುತಿಸುವುದು ನನ್ನ ಹವ್ಯಾಸವಾಯಿತು. ಶಿವಬಸವ ನಗರದಲ್ಲಿ ಬೆಳಗಿನ ತಿರುಗಾಟ ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತು ದೇಶದ ಭವಿಷ್ಯ ನಿರ್ಧರಿಸುತ್ತಿದ್ದ ನಾವು ಕೆಲವರು ಇದಕ್ಕಾಗಿ ಒಂದು ಬಳಗವನ್ನೂ ಕಟ್ಟಿಕೊಂಡೆವು. ಬಳಗ ಎಂದ ಮೇಲೆ ಅಧ್ಯಕ್ಷರು ಬೇಕು. ಕಾಲೇಜೊಂದರಲ್ಲಿ ಪ್ರಾಚಾರ್ಯರಾಗಿದ್ದು ನಿವೃತ್ತರಾದ ಹಿರಿಯರೊಬ್ಬರು ಆ ಸ್ಥಾನವನ್ನು ಒಪ್ಪಿಕೊಂಡರು, ನಾವಿನ್ನೂ ಕೇಳಿರಲಿಲ್ಲ.

ನಮ್ಮ ನಿಯಮಗಳು ಕಟ್ಟುನಿಟ್ಟಾಗಿದ್ದವು. ಕಾರು ಹಳೆಯದಾಗಿದ್ದರೆ ಸಾಲದು, ಕೆಲಸದಲ್ಲಿರಬೇಕು. ರವಿವಾರ ಮಾತ್ರ ಹೊರಬಿದ್ದು, ಮೇಣ ಹಚ್ಚಿಸಿಕೊಂಡು, ಮಿಲಿಟರಿ ಕ್ಯಾಂಪಿನ ಮರಗಳ ಕೆಳಗೆ ಫೋಟೋ ತೆಗೆಸಿಕೊಳ್ಳುವ ಕಾರು ಲೆಕ್ಕಕ್ಕಿಲ್ಲ. ಮದುಮಗನನ್ನು ಹೊರಲು ಬಾಡಿಗೆಗೆ ಹೋಗುವುದೂ ಲೆಕ್ಕಕ್ಕಿಲ್ಲ. ಹಿಂದಿನ ಸೀಟಿನ ಮೇಲೆ ಕೊತ್ತಂಬರಿಯ ಗಂಟೋ ಸಿಮೆಂಟಿನ ಧೂಳೋ ಮಕ್ಕಳ ಪಾಟಿಚೀಲವೋ, ದುಡಿಮೆಯ ಏನಾದರೊಂದು ಪುರಾವೆ ಇರಬೇಕು. ಒಮ್ಮೆ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿಕೊಂಡು ಹೋಗುತ್ತಿದ್ದ ಕಾರನ್ನು ‘ಬಳಕೆಯಲ್ಲಿದೆ’ ಎಂದು ಒಪ್ಪಬೇಕೋ ಬೇಡವೋ ಎಂಬ ವಾದ ಎಷ್ಟು ಬೆಳೆಯಿತೆಂದರೆ, ಸದಸ್ಯರಿಬ್ಬರು ಒಂದು ಮಳೆಗಾಲ ಪೂರ್ತಿ ಬೇರೆ ಬೇರೆ ಬೆಂಚಿನ ಮೇಲೆ ಕೂತರು.

ಅಧ್ಯಕ್ಷರಿಗೆ ಕಾರುಗಳ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ಅವರ ಪ್ರೀತಿಯೆಲ್ಲ ಸತ್ಕಾರದ ಮೇಲೆ. ನಮ್ಮ ಊರಿನಲ್ಲಿ ಸತ್ಕಾರಕ್ಕೆ ಕಾರಣ ಬೇಕಿಲ್ಲ, ಶಾಲು ಇದ್ದರೆ ಸಾಕು. ಅವರ ಕಪಾಟಿನಲ್ಲಿ ಶಾಲುಗಳಿಗೇನು ಕೊರತೆ? ತಮಗೆ ಹೊದಿಸಿದ್ದನ್ನು ಮಡಚಿಟ್ಟುಕೊಂಡು ಇನ್ನೊಬ್ಬರಿಗೆ ಹೊದಿಸುತ್ತಿದ್ದರು. ಆ ಇನ್ನೊಬ್ಬರು ಮಗದೊಬ್ಬರಿಗೆ. ಕೆಲವು ಶಾಲುಗಳು ಹೀಗೆ ಇಡೀ ಜಿಲ್ಲೆ ಸುತ್ತಿ ಮರಳಿ ಅವರ ಹೆಗಲಿಗೇ ಬಂದು ಕೂತದ್ದೂ ಉಂಟು. ನಾನು ಕಚೇರಿ ಬಿಟ್ಟ ದಿನ ನನಗೂ ಒಂದು ಹೊದಿಸಿದ್ದರು. ಮರುದಿನ ಮರೆತುಬಂದ ಕೊಡೆಗಾಗಿ ಹೋದಾಗ, ಅಷ್ಟು ವರ್ಷ ನಮಸ್ಕಾರ ಹೇಳಿದ ಕಾವಲುಗಾರನೇ ಯಾರು ಬೇಕಾಗಿತ್ತು ಎಂದು ಕೇಳಿದ. ಶಾಲಿನ ಗುಣ ಅಂಥದು.

ಆ ಅಂಬಾಸಡರನ್ನು ನಾನು ಮೊದಲು ಕಂಡದ್ದು ಖಾನಾಪುರದಲ್ಲಿ, ಬಸ್ ನಿಲ್ದಾಣದ ಹತ್ತಿರದ ಹಾಲಿನ ಡೇರಿಯ ಮುಂದೆ. ಬಣ್ಣ ಒಂದು ಕಾಲಕ್ಕೆ ಬಿಳಿಯಿದ್ದಿರಬೇಕು. ಹಿಂದಿನ ಸೀಟು ಕಿತ್ತುಹಾಕಿ ಅಲ್ಲಿ ಹಾಲಿನ ಕ್ಯಾನುಗಳನ್ನು ಒತ್ತೊತ್ತಾಗಿ ನಿಲ್ಲಿಸಲಾಗಿತ್ತು. ಮೇಲೆ ಮೇವಿನ ಹೊರೆ. ಒಂದು ಬಾಗಿಲು ಹಸಿರು, ಬೇರೆ ಯಾವುದೋ ಕಾರಿನಿಂದ ವಲಸೆ ಬಂದದ್ದು. ನಾನು ಭಕ್ತಿಯಿಂದ ಅದರ ಸುತ್ತ ತಿರುಗುತ್ತಿರುವಾಗ, ಚಾಲಕನ ಸೀಟಿನಲ್ಲಿ ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದ, ನನ್ನಷ್ಟೇ ವಯಸ್ಸಿನ ಹೆಂಗಸು ತಲೆ ಹೊರಗೆ ಹಾಕಿದಳು.

“ಯಾಕ್ರೀ ಅಣ್ಣಾರ, ಪ್ರದಕ್ಷಿಣಿ ಹಾಕಾಕತ್ತೀರಿ? ಹರಕಿ ಏನರ ಹೊತ್ತೀರೇನು?”

ನಾನು ನನ್ನ ಹವ್ಯಾಸವನ್ನು ವಿವರಿಸಿದೆ. ಆಕೆ ಪೂರ್ತಿ ಕೇಳಿ, ಮನೆಯಲ್ಲಿ ಹೆಂಡತಿ ಇದ್ದಾಳೋ ಇಲ್ಲವೋ ಎಂದು ವಿಚಾರಿಸಿದಳು. ಇದ್ದಾಳೆ ಎಂದೆ. ಪಾಪ, ಎಂದಳು. ಆಮೇಲೆ ಪಾರಿಶ್ವಾಡದವರೆಗೆ ಬರುವುದಿದ್ದರೆ ಹತ್ತಬಹುದೆಂದಳು.

“ಬರ್ರಿ, ಕುಂದರ್ರಿ. ಬಾಗಲಾ ಹೊರಗಿಂದ ತಗ್ಯಾಕ ಬರೂದಿಲ್ಲ, ಕಿಡಕ್ಯಾಗ ಕೈ ಹಾಕ್ರಿ. ಜೋರ್ ಮಾಡಬ್ಯಾಡ್ರಿ, ಅದಕ ಸಿಟ್ಟ ಬರತೈತಿ.”

ದಾರಿಯಲ್ಲಿ ಆಕೆ ತನ್ನ ಕತೆ ಹೇಳಿದಳು. ಗೇರು ಬದಲಿಸುವಾಗ ಮಾತ್ರ ನಿಲ್ಲಿಸುತ್ತಿದ್ದಳು. ಮನೆತನದವರು ಕುರಿ ಕಾಯ್ದವರು. ಗಂಡ ಕುರಿ ಮಾರಿ ಎಮ್ಮೆ ತಂದ, ಮೇಲೆ ಈ ಕಾರನ್ನೂ ತಂದ. ಅವನ ಕಣ್ಣು ಮಂಜಾಗುತ್ತ ಬಂದಾಗ ಸುಗ್ಗಿ ಮುಗಿದ ಕಣದಲ್ಲಿ ಆಕೆಗೆ ಗಾಡಿ ಕಲಿಸಿದ. ಗಂಡ ತೀರಿದ ಮೇಲೆ ಭಾವನ ಮನೆಯವರೊಡನೆ ಒಂದೇ ಒಲೆ. ಭಾವನ ಮಗ ಬೆಳಗಾವಿಯ ಕಾರ್ಖಾನೆಯಲ್ಲಿ ಸಂಬಳದ ಮನುಷ್ಯ. ಕಚೇರಿಗಳಿಗೆ ಅಲೆಯಬಲ್ಲವನು ಅವನೊಬ್ಬನೇ ಎಂದು ಕಾರನ್ನು ಅವನ ಹೆಸರಿಗೇ ಮಾಡಿದ್ದರು. ದಿನಾ ಬೆಳಿಗ್ಗೆ ಓಣಿಯ ಮನೆಮನೆಯ ಹಾಲು ಹೊತ್ತು ಖಾನಾಪುರಕ್ಕೆ, ಬರುವಾಗ ಮೇವು, ಹಿಂಡಿ, ದವಾಖಾನೆಗೆ ಹೋಗಿದ್ದ ಬಾಣಂತಿ, ಯಾರದೋ ಮುರಿದ ಪಂಪು. ಊರಿನ ಹೆಂಗಸರು ಹೊಲ, ಗಂಡ, ಅತ್ತೆ, ಎಲ್ಲದರ ಬಗ್ಗೆಯೂ ಈಕೆಯ ಅಭಿಪ್ರಾಯ ಕೇಳುತ್ತಿದ್ದರು. ಈಕೆ ಕೇಳದಿದ್ದರೂ ಹೇಳುತ್ತಿದ್ದಳು.

“ಮನ್ಯಾಗ ಕುಂದರು ಅಂತ ಎಲ್ಲಾರೂ ಅಂತಾರ,” ಎಂದಳು. “ಕುಂತರ ಮುಗೀತ್ರಿ. ಕುಂತಾಕೀನ ಯಾರೂ ಏನೂ ಕೇಳೂದಿಲ್ಲ. ಈ ಗಾಡಿ ನಿಂತ ದಿನಾ ನಾನೂ ನಿಂತಂಗ.”

ಇದನ್ನೆಲ್ಲ ನಾನು ಬೆಂಚಿನ ಮೇಲೆ ವರದಿ ಮಾಡಿದೆ. ಅದು ನಮ್ಮ ಪದ್ಧತಿ. ಅಧ್ಯಕ್ಷರು ಕಣ್ಣು ಮುಚ್ಚಿ ಕೇಳಿದರು. ತೆರೆದಾಗ ಆ ಕಣ್ಣಲ್ಲಿ ನೀರಿತ್ತು. ಇಂಥ ವಾಹನಕ್ಕೆ ಸತ್ಕಾರ ಆಗದಿದ್ದರೆ ಬಳಗ ಇದ್ದು ಏನು ಪ್ರಯೋಜನ ಎಂದರು. ಕಾರಿಗೆ ಯಾಕೆ, ಮಾಡುವುದಾದರೆ ಓಡಿಸುವವಳಿಗೆ ಮಾಡಿ ಎಂದೆ. ವ್ಯಕ್ತಿಗಳಿಗೆ ಯಾರು ಬೇಕಾದರೂ ಮಾಡುತ್ತಾರೆ, ನಮ್ಮದು ವಾಹನಗಳ ಬಳಗ, ಎಂದು ನಿಯಮದ ಮಾತಾಡಿದರು. ಅದೇ ನಿಯಮಗಳ ಬಗ್ಗೆ ಎಲ್ಲರಿಗಿಂತ ಗಟ್ಟಿಯಾಗಿ ವಾದಿಸಿದವನು ನಾನಾದ್ದರಿಂದ ಸುಮ್ಮನಾಗಬೇಕಾಯಿತು.

ಭಾವನ ಮಗನಿಗೆ ಸುದ್ದಿ ಮುಟ್ಟಿದ್ದೇ ತಡ, ಅವನು ಒಪ್ಪಿದ, ಓಡಾಡಿದ, ಊರಿನ ಹಿರಿಯರನ್ನೂ ಒಪ್ಪಿಸಿದ. ಆಕೆ ಕೇಳಿದ್ದು ಒಂದೇ ಮಾತು: ಕಾರ್ಯಕ್ರಮವನ್ನು ಹಾಲು ಹಾಕಿ ಬಂದ ಮೇಲೆ ಇಟ್ಟುಕೊಳ್ಳಲಾಗುತ್ತದೆಯೇ ಎಂದು. ಆಗುವುದಿಲ್ಲ, ಅಧ್ಯಕ್ಷರಿಗೆ ಬೆಳಗಿನ ಮುಹೂರ್ತವೇ ಬೇಕು ಎಂದು ಉತ್ತರ ಬಂತು.

ಪಾರಿಶ್ವಾಡದ ಶಾಲೆಯ ಮುಂದೆ ಪೆಂಡಾಲು ಹಾಕಿದ್ದರು. ಕಾರನ್ನು ತೊಳೆದಿದ್ದರು. ತೊಳೆದ ಮೇಲೆ ಅದು ಸ್ನಾನ ಮಾಡಿಸಿಕೊಂಡ ಎಮ್ಮೆಯ ಹಾಗೆ ಮುಜುಗರದಿಂದ ನಿಂತಿತ್ತು. ಹಸಿರು ಬಾಗಿಲಿಗೆ ಭಾವನ ಮಗ ಬಿಳಿ ಬಣ್ಣ ಬಳಿಸಿದ್ದ. ಬಾನೆಟ್ಟಿನ ಮೇಲೆ ಜರಿ ಅಂಚಿನ ಶಾಲು, ಮೂಗಿಗೆ ಚೆಂಡುಹೂವಿನ ಹಾರ, ದೀಪಗಳಿಗೆ ಕುಂಕುಮ. ಮುತ್ತೈದೆಯರು ಆರತಿ ಬೆಳಗಿದರು. ವಿಧವೆಯಾದ ಕಾರಣ ಆಕೆಯನ್ನು ಆ ಸಾಲಿಗೆ ಯಾರೂ ಕರೆಯಲಿಲ್ಲ. ಆಕೆ ಹಾಲಿನ ಕ್ಯಾನುಗಳ ಪಕ್ಕ ಬೇವಿನ ನೆರಳಿನಲ್ಲಿ ನಿಂತು, ಕ್ಯಾನಿನ ಮೇಲೆ ಹಸಿ ಗೋಣಿತಟ್ಟು ಹಾಕುತ್ತ, ತೆಗೆಯುತ್ತ ಇದ್ದಳು.

ಅಧ್ಯಕ್ಷರು ಕಾಯಕದ ಮಹತ್ವದ ಮೇಲೆ ಮಾತಾಡಿದರು. ನಿರಂತರ ದುಡಿಮೆಯೇ ಪೂಜೆ ಎಂಬುದನ್ನು ಈ ಯಂತ್ರ ನಮಗೆ ತೋರಿಸಿಕೊಟ್ಟಿದೆ ಎಂದರು. ಅವರು ಅದನ್ನು ಹೇಳಿ ಮುಗಿಸುವತನಕ ಯಂತ್ರದ ಕಾಯಕ ನಿಂತಿತ್ತು, ಹಾಲು ಹುಳಿಯ ದಾರಿ ಹಿಡಿದಿತ್ತು. ಕೊನೆಗೆ ಕಾರಿನ ಬೆನ್ನು ಸವರಿ, ದನಿ ನಡುಗಿಸಿ ಒಂದು ಮಾತು ಆಡಿದರು:

“ಈ ತಾಯಿ ದುಡಿದದ್ದು ಸಾಕು. ಇನ್ನಾದರೂ ವಿಶ್ರಾಂತಿ ಪಡೆಯಲಿ.”

ನಮ್ಮ ಬೆಂಚಿನವರಿಗೆ ಇದು ಭಾಷಣದ ಅಲಂಕಾರ. ಪ್ರತಿ ಬೀಳ್ಕೊಡುಗೆಯಲ್ಲಿಯೂ ಅವರು ಇದನ್ನೇ ಹೇಳುತ್ತಾರೆ, ಕಣ್ಣೊರೆಸಿಕೊಂಡು ಊಟಕ್ಕೆ ಏಳುತ್ತಾರೆ. ಆದರೆ ಆ ಊರಿನವರಿಗೆ ಅಲಂಕಾರದ ಅಭ್ಯಾಸವಿರಲಿಲ್ಲ. ಅಲ್ಲಿ ಬಹಳ ಕಾಲ ದುಡಿದ ಎತ್ತಿಗೆ ಕೆಲವು ಮನೆಯವರು ಹಾರ ಹಾಕಿ, ಆರತಿ ಬೆಳಗಿ, ನಾಲ್ಕು ಜನರೆದುರು ‘ಸಾಕು’ ಎಂದು ಹೇಳಿ ನೊಗ ಇಳಿಸುತ್ತಾರೆ. ಅದು ಬಸವಣ್ಣನಿಗೆ ಬಿಟ್ಟ ಎತ್ತು. ಆಮೇಲೆ ಅದಕ್ಕೆ ನೊಗ ಹೂಡಿದರೆ ಹೂಡಿದವನಿಗೆ ಒಳ್ಳೆಯದಲ್ಲ. ಪೆಂಡಾಲಿನಲ್ಲಿ ಹಾರ ಇತ್ತು, ಆರತಿ ಇತ್ತು, ಊರೆಲ್ಲ ಇತ್ತು, ‘ಸಾಕು’ ಎಂಬ ಮಾತೂ ಬಂತು. ಮುಂದೆ ಕೂತಿದ್ದ ಹಿರಿಯರೊಬ್ಬರು ತಲೆಯ ಪಟಕ ತೆಗೆದು ಕಾರಿಗೆ ಕೈ ಮುಗಿದರು. ಹಿಂದಿನವರು ಅವರನ್ನು ನೋಡಿ ಮುಗಿದರು. ನಮ್ಮವರು ಇದನ್ನು ಚಪ್ಪಾಳೆಯ ಹಳ್ಳಿ ರೂಪ ಎಂದು ತಿಳಿದು ಸಂತೋಷಪಟ್ಟರು.

ಕೆಲವು ವಾರ ಕಳೆದು ಖಾನಾಪುರಕ್ಕೆ ಹೋದಾಗ ಡೇರಿಯ ಮುಂದೆ ಕಾರು ಇತ್ತು. ಒಳಗೆ ಒಂದೇ ಕ್ಯಾನು, ಆಕೆಯ ಮನೆಯದು. ಉಳಿದವರ ಹಾಲು ಎಲ್ಲಿ ಎಂದು ಕೇಳಿದೆ. ಆಕೆ ನಗಲಿಲ್ಲ.

ಸತ್ಕಾರದ ಮರುದಿನವೇ ಶುರುವಾಯಿತಂತೆ. ಬಾಜೂ ಮನೆಯ ಹೆಂಗಸು ಕ್ಯಾನು ಹೊತ್ತು ಬಂದವಳು ಹತ್ತುವ ಮೊದಲು ಚಪ್ಪಲಿ ಬಿಟ್ಟಳು. ಆಕೆ ಬೈದಳು. ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದೇ ಖಾನಾಪುರ ಮುಟ್ಟಿದಳು. ಅದರ ಮರುದಿನ ಆ ಹೆಂಗಸು ಬರಲಿಲ್ಲ. ಗೊಬ್ಬರದ ಚೀಲ ಹೇರುವವನು ಕೈ ಹಿಂದೆ ತೆಗೆದ. ಬಾಣಂತಿಯನ್ನು ಕರೆತರುವುದಿತ್ತು, ಈ ಗಾಡಿಗೆ ಮೈಲಿಗೆಯಾಗುತ್ತದೆಂದು ಅತ್ತೆ ಬೇರೆ ಗಾಡಿ ಹೇಳಿದಳು. ಯಾರೂ ಬೇಡ ಎನ್ನಲಿಲ್ಲ, ಯಾರೂ ಜಗಳ ತೆಗೆಯಲಿಲ್ಲ. ಎಲ್ಲರೂ ದಾರಿಯಲ್ಲಿ ಕಂಡಾಗ ಕೈ ಮುಗಿದರು, ಅಷ್ಟೇ. ಜಗಳವಾಗಿದ್ದರೆ ಆಕೆ ಗೆಲ್ಲುತ್ತಿದ್ದಳು. ನಮಸ್ಕಾರಕ್ಕೆ ಎದುರಾಡಿ ಗೆದ್ದವರನ್ನು ನಾನು ಈವರೆಗೆ ಕಂಡಿಲ್ಲ.

“ಪಟಕದ ಹಿರ್ಯಾನ ಕೇಳೇ ಬಿಟ್ಟೆ,” ಎಂದಳು. “ಇದು ಕಬ್ಬಣ ಐತಿ ಕಾಕಾ, ಎತ್ತಲ್ಲ, ಅಂದೆ. ಏನಂದ ಗೊತ್ತೇನ್ರಿ? ‘ಎತ್ತಿಗೆ ನಾವು ಬರೇ ಹಾರಾ ಹಾಕತೇವ ತಂಗಿ, ಇದಕ ಬೆಳಗಾವಿಯಿಂದ ಶಾಣ್ಯಾರು ಬಂದು ಶಾಲ ಹೊಚ್ಯಾರ. ಅವರ ಮಾತ ಮೀರಾಕ ನಾವ್ಯಾರು?’”

ಆಮೇಲೆ ನನ್ನ ಮುಖ ನೋಡಿ, “ನಿಮ್ಮ ಅಧ್ಯಕ್ಷರ ಕಡಿಂದ ಒಂದು ಮಾತ ಹೇಳಸ್ರಿ,” ಎಂದಳು. “ದುಡೀಲಿ ಅನ್ನಲಿ. ಅಷ್ಟಽ ಸಾಕು.”

ನಾನು ಅಂದೇ ಅಧ್ಯಕ್ಷರ ಮನೆಗೆ ಹೋದೆ. ಅವರು ನನಗೆ ಕುಂದಾ ಕೊಟ್ಟು ಉಪಚರಿಸಿ, ಎಲ್ಲವನ್ನೂ ಕೇಳಿ, ಬಹಳ ಹಿಗ್ಗಿದರು. ಜನರಲ್ಲಿ ಇಷ್ಟು ಬೇಗ ಸಂರಕ್ಷಣೆಯ ಪ್ರಜ್ಞೆ ಮೂಡುತ್ತದೆಂದು ಅವರು ಎಣಿಸಿರಲಿಲ್ಲವಂತೆ. ಆ ಹೆಂಗಸಿಗೆ ಓಡಾಡಲು ಬೇರೆ ದಾರಿಯಿಲ್ಲ ಎಂದೆ. ವಯಸ್ಸಾಯಿತಲ್ಲ, ಮನೆಯಲ್ಲಿ ಆರಾಮ ಇರಬಹುದು ಎಂದರು. ಊರಿಗೆ ಬಂದು ಒಂದು ಮಾತು ಹೇಳಿ ಎಂದು ಕೇಳಿಕೊಂಡೆ. ಸಾರ್ವಜನಿಕವಾಗಿ ಆಡಿದ ಮಾತನ್ನು ಹಿಂದಕ್ಕೆ ಪಡೆಯುವುದು ತಮ್ಮ ಘನತೆಗೆ ತಕ್ಕದ್ದಲ್ಲ ಎಂದರು. ಅವರ ಹತ್ತಿರ ಶಾಲು ಹೊದಿಸುವ ಅಧಿಕಾರವಿತ್ತು, ಬಿಚ್ಚುವ ಅಧಿಕಾರವಿರಲಿಲ್ಲ. ನಾನೇ ಹೋಗಿ ಪಟಕದ ಹಿರಿಯರಿಗೆ ಹೇಳಿನೋಡಿದೆ. ಅವರು ಚಹಾ ಕುಡಿಸಿ, ಭಾಷಣ ಮಾಡಿದವರು ನೀವಲ್ಲವಲ್ಲ ಎಂದು ವಿನಯದಿಂದಲೇ ನೆನಪಿಸಿದರು.

ಭಾವನ ಮಗನಿಗೆ ಆಗಲೇ ಒಂದು ಯೋಜನೆ ಹೊಳೆದಿತ್ತು. ಹಲಸಿಯ ಹಳೆಯ ಗುಡಿಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಈ ಕಾರನ್ನು ತೋರಿಸಿ ಅವರನ್ನು ಇತ್ತಕಡೆಗೂ ತಿರುಗಿಸಿದರೆ ಊರು ಸುಧಾರಿಸುತ್ತದೆ. ಹಲಸಿಯಿಂದ ಪಾರಿಶ್ವಾಡಕ್ಕೆ ತಿರುಗಬೇಕಾದರೆ ಮನುಷ್ಯ ದಾರಿ ತಪ್ಪಿರಬೇಕು ಎಂಬುದನ್ನು ಅವನಿಗೆ ಯಾರೂ ಹೇಳಲಿಲ್ಲ. ಅವನು ಊರ ಅಗಸಿ ಬಾಗಿಲ ಹತ್ತಿರ ತಗಡಿನ ಶೆಡ್ಡು ಹಾಕಿಸಿ, ಕಾರನ್ನು ಒಳಗೆ ನಿಲ್ಲಿಸಿ, ಬ್ಯಾಟರಿ ಬಿಚ್ಚಿ ಮನೆಯ ಇನ್ವರ್ಟರಿನ ಪಕ್ಕದಲ್ಲಿಟ್ಟ. ಕಾರು ಅವನ ಹೆಸರಿನಲ್ಲಿತ್ತು. ಆಕೆ ಕೀಲಿಯನ್ನು ಒಂದು ದಿನ ಕೊಡಲಿಲ್ಲವಂತೆ, ಆಮೇಲೆ ಕೊಟ್ಟಳಂತೆ. ನಡುವೆ ಏನು ಮಾತು ನಡೆಯಿತೋ ನನಗೆ ತಿಳಿಯದು.

ಮಳೆ ಶುರುವಾಗುವ ಮುಂಚೆ ಇನ್ನೊಮ್ಮೆ ಹೋದೆ. ಆಕೆ ಪಡಸಾಲೆಯಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಭಾವನ ಮಗನ ಹೆಂಡತಿ ನಡುವೆ ಬಂದು, ನಾಳೆ ಯಾವ ಹೊಲಕ್ಕೆ ಆಳು ಕರೆಯುವುದೆಂದು ಗಂಡನನ್ನು ಕೇಳಿ ಹೋದಳು. ಉತ್ತರ ಶೇಂಗಾ ಸುಲಿಯುತ್ತಿದ್ದವಳಿಗೆ ಗೊತ್ತಿತ್ತೆಂದು ಕಾಣುತ್ತದೆ. ಇನ್ನೊಂದು ಕಾಯಿ ಒಡೆದಳು.

ಗಾಡಿ ನೋಡಿ ಬಂದೆ ಎಂದೆ. ಮೈ ಮೇಲೆ ಒಂದಿಷ್ಟೂ ಧೂಳಿರಲಿಲ್ಲ, ಯಾರೋ ದಿನಾ ಒರೆಸುತ್ತಿದ್ದರು. ಬಳಗದ ನಿಯಮದ ಪ್ರಕಾರ ಅದು ಇನ್ನು ಲೆಕ್ಕಕ್ಕಿಲ್ಲ ಎಂಬುದನ್ನು ಹೇಳಲಿಲ್ಲ.

“ಛಲೋ ಕಾಣತೈತೇನ್ರಿ?” ಎಂದಳು.

“ಛಲೋ ಕಾಣತೈತಿ.”

“ಕಾಣ್ಲಿ ಬಿಡ್ರಿ. ನನ್ನ ಕೈಯಾಗಿದ್ದಾಗ ಒಮ್ಮೆರ ಛಲೋ ಕಂಡಿರಲಿಲ್ಲ,” ಎಂದು ಶೇಂಗಾದ ಸಿಪ್ಪೆಯನ್ನು ಮೊರದಿಂದ ತೂರಿದಳು.

ಪಾರಿಶ್ವಾಡದ ಹಾಲನ್ನು ಈಗ ಡೇರಿಯ ಟೆಂಪೋ ಒಯ್ಯುತ್ತದೆ. ಆಕೆ ಮನೆಯಲ್ಲಿದ್ದಾಳೆ.