ಬೀಗರಾಗಬೇಕಾದವರ ಇಂಗ್ಲಿಷು

ನನ್ನ ತಂಗಿ ಬಂಗಾಳಿ ಹುಡುಗನನ್ನೇ ಮದುವೆಯಾಗುವುದೆಂದು ಹಟ ಹಿಡಿದಾಗ ನಮ್ಮ ಜಯನಗರದ ಮನೆಯಲ್ಲಿ ವಾರಗಟ್ಟಲೆ ಯಾರೂ ನೆಟ್ಟಗೆ ಮಾತಾಡಲಿಲ್ಲ. ಎಂಬತ್ತರ ದಶಕದ ಶುರುವಿನ ಮಾತು. ಹುಡುಗನಿಗೆ ಕಲಕತ್ತೆಗೆ ವರ್ಗವಾಗಿತ್ತು, ಮದುವೆಯಾದರೆ ಇವಳೂ ಹೋಗಬೇಕು. ಕೊನೆಗೆ ಅವನ ಅಪ್ಪ ಅಮ್ಮ ರೈಲು ಹತ್ತಿ ನಮ್ಮ ಮನೆಗೇ ಬಂದರು. ಅಂದು ಅಪ್ಪ ಬೇಡ ಎಂದರೆ ತಂಗಿ ಅವರ ಮಾತು ಮೀರುವವಳಲ್ಲ, ಬೇರೆಯವನಿಗೆ ಕತ್ತು ಒಡ್ಡುವವಳೂ ಅಲ್ಲ.

ಅಪ್ಪನಿಗೆ ಬಂಗಾಳಿ ಬಾರದು, ಹುಡುಗನ ಅಪ್ಪನಿಗೆ ಕನ್ನಡ ಬಾರದು, ಹಿಂದಿ ಇಬ್ಬರಿಗೂ ಅಷ್ಟಕ್ಕಷ್ಟೆ. ಉಳಿದದ್ದು ಇಂಗ್ಲಿಷು. ಇಬ್ಬರೂ ಸರ್ಕಾರಿ ಗುಮಾಸ್ತರಾಗಿ ನಿವೃತ್ತರಾದವರು, ಬರುತ್ತಿದ್ದದ್ದೂ ಫೈಲಿನ ಇಂಗ್ಲಿಷೇ. ಅದರಲ್ಲಿ ವಿಷಾದಿಸಬಹುದು, ಪರಿಶೀಲಿಸಬಹುದು. ಮಗಳ ಮದುವೆ ಮಾತಾಡುವುದು ಹೇಗೆ?

"ದಿ ಪ್ರಪೋಸಲ್ ಈಸ್ ಅಂಡರ್ ಕನ್ಸಿಡರೇಷನ್" ಎಂದರು ಅಪ್ಪ.

"ಕೈಂಡ್ಲಿ ಎಕ್ಸ್‌ಪೆಡೈಟ್, ಸಾರ್" ಎಂದರು ಅವರು.

ಬೇರೆ ದಿನವಾಗಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಅಂದು ಮೈ ಉರಿಯಿತು. ಒಳಗೆ ತಂಗಿ ಬಾಗಿಲಿಗೆ ಕಿವಿಕೊಟ್ಟು ಸೆರಗು ಹಿಂಡುತ್ತಿದ್ದಾಳೆ, ಇವರಿಬ್ಬರು ಇಲ್ಲಿ ಟಪಾಲು ಕಳಿಸಿಕೊಳ್ಳುತ್ತಿದ್ದಾರೆ! ತಟ್ಟೆಯಲ್ಲಿ ಉಪ್ಪಿಟ್ಟು ಆರಿ ಹೋಗಿತ್ತು. ಇಂಗ್ಲಿಷೇ ಬಾರದ ಅಮ್ಮಂದಿರಿಬ್ಬರೂ ಒಬ್ಬರಿಗೊಬ್ಬರು ಸುಮ್ಮನೆ ನಗುತ್ತ ಕೂತಿದ್ದರು.

ಕೊನೆಗೆ ಹುಡುಗನ ಅಪ್ಪನೇ ಕಾಫಿ ಲೋಟ ಕೆಳಗಿಟ್ಟು, ನಿಮ್ಮ ಭಾಷೆಯಲ್ಲೇ ಹೇಳಿಬಿಡಿ, ನಿಮ್ಮ ಮಗಳು ನನಗೆ ತಿಳಿಸಲಿ ಎಂದು ಇಂಗ್ಲಿಷಿನಲ್ಲಿ ಕೇಳಿಕೊಂಡರು. ತಂಗಿ ಹೊರಗೆ ಬಂದು ಗೋಡೆಗೊರಗಿ ನಿಂತಳು.

ಅಪ್ಪ ಕೆಮ್ಮಿದರು. ಆಮೇಲೆ ಒಮ್ಮೆಲೇ ಶುರುವಾಯಿತು.

"ಏನ್ ಹೇಳ್ಲಿ ಸ್ವಾಮಿ? ನಿಮ್ಮನೇಲಿ ಇವಳಿಗೆ ಹುಷಾರಿಲ್ದೆ ಹೋದ್ರೆ ಯಾರ ಹತ್ರ ಏನಂತ ಹೇಳ್ಕೋತಾಳೆ? ಜ್ವರ ಬಂದ್ರೂ ಇಂಗ್ಲಿಷಲ್ಲೇ ನರಳ್ಬೇಕಾ? ನಾಳೆ ಇವಳ ಮಕ್ಕಳು ಬರ್ತಾವೆ. ನನ್ನನ್ನ ತಾತ ಅಂತಾವೋ, ಇಲ್ಲಾ ಅವಕ್ಕೂ ನಾನು ಹೀಗೇ ಅರ್ಜಿ ಬರೀಬೇಕೋ?"

ಎಲ್ಲರೂ ತಂಗಿಯ ಕಡೆ ನೋಡಿದರು. ಅಪ್ಪ ಒಪ್ಪಿದರೆಂದೇ ಅವಳು ತಿರುಗಿಸಿ ಹೇಳಬಹುದಿತ್ತು, ಬೇಗ ಬೇಗ ಆಡಿದರೆ ಅಪ್ಪನ ಫೈಲಿನ ಇಂಗ್ಲಿಷಿಗೆ ಅದೆಲ್ಲಿ ಸಿಕ್ಕೀತು? ಹೇಳಲಿ ಎಂದು ನಾನು ಒಳಗೊಳಗೇ ದೇವರಿಗೆ ಕೈಮುಗಿದೆ.

"ಹಿ ಈಸ್ ಸೇಯಿಂಗ್ ನೋ" ಎಂದಳು.

ಹುಡುಗನ ತಾಯಿಗೆ ಇಂಗ್ಲಿಷು ಬಾರದಿದ್ದರೂ ಅಷ್ಟು ಅರ್ಥವಾಯಿತು. ಅವರು ಕೈಚೀಲ ಎತ್ತಿಕೊಂಡು ಎದ್ದರು, ಅವರ ಯಜಮಾನರೂ ಎದ್ದು ಅಪ್ಪನಿಗೆ ಕೈಮುಗಿದರು.

ಅಪ್ಪ ತಂಗಿಯ ಮೇಲೆ ರೇಗಿದರು. "ನಾನೆಲ್ಲೇ ಬೇಡ ಅಂದೆ? ಭಯ ಆಗತ್ತೆ ಅಂದೆ. ಅದನ್ನ ಹೇಳು ಅವರಿಗೆ!"

ಅವಳು ಅಳುತ್ತಲೇ ಇಂಗ್ಲಿಷಿನಲ್ಲಿ ಹೇಳಿದಳು. ಹುಡುಗನ ಅಪ್ಪ ನಮ್ಮಪ್ಪನ ಕಡೆ ತಿರುಗಿದರು.

"ಮೀ ಆಲ್ಸೋ, ಸಾರ್" ಎಂದರು. ಹೆಂಡತಿಯ ಕೈಯಿಂದ ಚೀಲ ತೆಗೆದು ಕೆಳಗಿಟ್ಟು, ಮತ್ತೆ ಕುರ್ಚಿಯಲ್ಲಿ ಕೂತರು.